ಒಂದೇ ಬೆಂಚಿನ ಮೇಲೆ: ಬೆಲ್‌ಫಾಸ್ಟ್ ಶಾಲೆಗಳ ಇತಿಹಾಸ ನಮಗೆ ಕಲಿಸುವುದೇನು?

ಹಲವು ವರ್ಷಗಳ ಹಿಂದಿನ ಮಾತು. ಆಗ ನಾನೊಂದು ಚಿಕ್ಕ ಪಟ್ಟಣದ ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ಅಲ್ಲಿನ ಶಾಲೆಯ ಸಂಚಾಲಕನ ಹೊಣೆಯೂ ನನ್ನ ಹೆಗಲ ಮೇಲಿತ್ತು. ಒಮ್ಮೆ ಶಾಲೆಯಲ್ಲಿ ಸೌಹಾರ್ದ ದಿನವನ್ನು ಆಚರಿಸಿದೆವು. ಎಲ್ಲ ಜಾತಿಮತಗಳ ಮಕ್ಕಳೂ ಕೈ ಕೈ ಹಿಡಿದು ಹಾಡಿದರು. ಅತಿಥಿಗಳು ಭಾಷಣ ಮಾಡಿದರು, ಛಾಯಾಚಿತ್ರ ತೆಗೆಸಿಕೊಂಡೆವು. ಊಟದ ಗಂಟೆ ಬಾರಿಸಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆ ಒಂದು ದೊಡ್ಡ ಸರಪಳಿ ಕಳಚಿ ನಾಲ್ಕು ವೃತ್ತಗಳಾಯಿತು. ಪೇಟೆಯ ಅಂಗಡಿಯವರ ಮಕ್ಕಳು ಜಗುಲಿಯ ಮೇಲೆ, ಮುಸಲ್ಮಾನರ ಬೀದಿಯ ಮಕ್ಕಳು ಬೇವಿನ ಮರದ ಕೆಳಗೆ, ನಮ್ಮ ಕ್ರೈಸ್ತ ಕುಟುಂಬಗಳ ಮಕ್ಕಳು ದೇವಾಲಯದ ಮೆಟ್ಟಿಲ ಮೇಲೆ, ವಿದ್ಯಾರ್ಥಿನಿಲಯದ ದಲಿತ ಮಕ್ಕಳು ಕೊಳಾಯಿಯ ಪಕ್ಕದಲ್ಲಿ. ನನ್ನ ಬಳಿ ನಿಂತಿದ್ದ ಶಾಲೆಯ ಹಳೆಯ ಜವಾನರು ನಗುತ್ತಲೇ ಅಂದರು: "ಸ್ವಾಮಿಗಳೇ, ಫೋಟೋ ಆಯ್ತಲ್ಲ. ಇನ್ನು ಅವರವರ ಬುತ್ತಿ ಅವರವರಿಗೆ."

ಆ ಮಾತು ಬಹುಕಾಲ ನನ್ನನ್ನು ಕಾಡಿತು. ಬೇರೆ ಬೇರೆ ಸಮುದಾಯದ ಮಕ್ಕಳನ್ನು ಒಂದೇ ಆವರಣದೊಳಗೆ ಸೇರಿಸಿದ ಮಾತ್ರಕ್ಕೆ ಅವರ ಮನಸ್ಸಿನ ಗೋಡೆಗಳು ಬೀಳುವುದಿಲ್ಲವಾದರೆ ಮತ್ತೇನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಓದಿದಾಗ ನನ್ನ ಕಣ್ಣಿಗೆ ಬಿದ್ದದ್ದು ಉತ್ತರ ಐರ್ಲೆಂಡಿನ ಇತಿಹಾಸ. ಅಲ್ಲಿ ದೂರವಾದವರು ಬೇರೆ ಬೇರೆ ಧರ್ಮದವರಲ್ಲ; ಒಬ್ಬನೇ ಕ್ರಿಸ್ತನನ್ನು ಆರಾಧಿಸುವ ಕಥೋಲಿಕರು ಮತ್ತು ಪ್ರೊಟೆಸ್ಟಂಟರು. ಆದ್ದರಿಂದ ಈ ಕಥೆಯನ್ನು ನಾವು ಬೇರೆಯವರ ಕಥೆಯೆಂದು ಬದಿಗಿಡುವಂತಿಲ್ಲ.

ಬೇಲಿಯ ಮರೆಯ ಶಾಲೆಗಳು

ಐರ್ಲೆಂಡಿನ ಬಹುಪಾಲು ಜನ ಕಥೋಲಿಕರು. ಆದರೆ ಹದಿನೇಳನೆಯ ಶತಮಾನದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನಿಂದ ಬಂದ ಪ್ರೊಟೆಸ್ಟಂಟರು ದೊಡ್ಡ ಸಂಖ್ಯೆಯಲ್ಲಿ ಉತ್ತರ ಭಾಗವಾದ ಅಲ್‌ಸ್ಟರಿನಲ್ಲಿ ನೆಲೆಸಿದರು. ಭೂಮಿ, ಅಧಿಕಾರ, ನ್ಯಾಯಾಲಯಗಳು ಪ್ರೊಟೆಸ್ಟಂಟರ ಕೈಗೆ ಹೋದವು. 1695ರಲ್ಲಿ ಜಾರಿಗೆ ಬಂದ ಕಾನೂನು ಕಥೋಲಿಕರು ಶಾಲೆ ನಡೆಸುವುದನ್ನೇ ನಿಷೇಧಿಸಿತು. ಆಗ ಕಥೋಲಿಕ ಉಪಾಧ್ಯಾಯರು ಹೊಲದ ಬೇಲಿಗಳ ಮರೆಯಲ್ಲಿ, ಕೊಟ್ಟಿಗೆಗಳಲ್ಲಿ ಗುಟ್ಟಾಗಿ ಮಕ್ಕಳಿಗೆ ಪಾಠ ಹೇಳಿದರು. ಅವುಗಳಿಗೆ ಬೇಲಿ ಶಾಲೆಗಳೆಂದೇ ಹೆಸರಾಯಿತು. ಐರ್ಲೆಂಡಿನ ಧರ್ಮಸಭೆಗೆ ತನ್ನ ಶಾಲೆಗಳ ಮೇಲೆ ಏಕೆ ಅಷ್ಟೊಂದು ಮಮತೆ, ಅವನ್ನು ಬಿಟ್ಟುಕೊಡಲು ಏಕೆ ಅಷ್ಟೊಂದು ಭಯ ಎಂಬುದನ್ನು ಅರಿಯಬೇಕಾದರೆ ಈ ಬೇಲಿ ಶಾಲೆಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

1831ರಲ್ಲಿ ಒಂದು ಅಪೂರ್ವ ಅವಕಾಶ ಒದಗಿಬಂತು. ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾಗಿದ್ದ ಎಡ್ವರ್ಡ್ ಸ್ಟ್ಯಾನ್ಲಿ ರಾಷ್ಟ್ರೀಯ ಶಾಲಾ ವ್ಯವಸ್ಥೆಯೊಂದನ್ನು ರೂಪಿಸಿದರು. ಎಲ್ಲ ಪಂಗಡಗಳ ಬಡ ಮಕ್ಕಳೂ ವಾರದ ನಾಲ್ಕೈದು ದಿನ ಒಟ್ಟಿಗೆ ಕುಳಿತು ಓದು, ಬರಹ, ಲೆಕ್ಕಗಳನ್ನು ಕಲಿಯುವುದು. ಉಳಿದ ಒಂದೆರಡು ದಿನ ಆಯಾ ಪಂಗಡದ ಗುರುಗಳು ತಮ್ಮ ತಮ್ಮ ಮಕ್ಕಳಿಗೆ ಧರ್ಮೋಪದೇಶ ನೀಡುವುದು. ಇಂದಿಗೂ ಇದಕ್ಕಿಂತ ವಿವೇಕದ ಯೋಜನೆ ತೋಚುವುದು ಕಷ್ಟ. ಡಬ್ಲಿನ್ನಿನ ಕಥೋಲಿಕ ಮಹಾಧರ್ಮಾಧ್ಯಕ್ಷರಾಗಿದ್ದ ಡೇನಿಯಲ್ ಮರ್ರೆಯವರು ಇದನ್ನು ಸ್ವಾಗತಿಸಿ ಮಂಡಲಿಯ ಸದಸ್ಯರೂ ಆದರು.

ಆದರೆ ವಿರೋಧ ಎಲ್ಲ ದಿಕ್ಕುಗಳಿಂದ ಬಂತು. ಮೊದಲು ಪ್ರೆಸ್ಬಿಟೇರಿಯನ್ನರು ಪ್ರತಿಭಟಿಸಿದರು. ಆಂಗ್ಲಿಕನ್ ಸಭೆಯವರು 1839ರಲ್ಲಿ ತಮ್ಮದೇ ಬೇರೆ ಶಿಕ್ಷಣ ಸಂಘ ಕಟ್ಟಿಕೊಂಡರು. ಕಥೋಲಿಕರಲ್ಲಿ ಟ್ಯೂಮ್‌ನ ಮಹಾಧರ್ಮಾಧ್ಯಕ್ಷರಾದ ಜಾನ್ ಮ್ಯಾಕ್‌ಹೇಲ್ ಇದನ್ನು ಬಲವಾಗಿ ಖಂಡಿಸಿದರು. ಒಬ್ಬೊಬ್ಬರಿಗೂ ಅವರದೇ ಕಾರಣಗಳಿದ್ದವು, ಕೆಲವು ನ್ಯಾಯವಾದವೂ ಆಗಿದ್ದವು. ಪರಿಣಾಮ ಮಾತ್ರ ಒಂದೇ. ಹತ್ತೊಂಬತ್ತನೆಯ ಶತಮಾನ ಮುಗಿಯುವಷ್ಟರಲ್ಲಿ ರಾಷ್ಟ್ರೀಯ ಶಾಲೆಗಳು ಹೆಸರಿಗೆ ಎಲ್ಲರವಾದರೂ ವಾಸ್ತವದಲ್ಲಿ ಕಥೋಲಿಕರ ಶಾಲೆ, ಪ್ರೊಟೆಸ್ಟಂಟರ ಶಾಲೆ ಎಂದು ಹೋಳಾಗಿದ್ದವು.

1921ರಲ್ಲಿ ದ್ವೀಪ ಇಬ್ಭಾಗವಾಯಿತು. ಆರು ಜಿಲ್ಲೆಗಳ ಉತ್ತರ ಐರ್ಲೆಂಡ್ ಬ್ರಿಟನ್ನಿನ ಜೊತೆಯೇ ಉಳಿಯಿತು. ಅಲ್ಲಿ ಪ್ರೊಟೆಸ್ಟಂಟರು ಮೂರರಲ್ಲಿ ಎರಡು ಪಾಲು, ಕಥೋಲಿಕರು ಒಂದು ಪಾಲು. ಅಲ್ಲಿನ ಮೊದಲ ಶಿಕ್ಷಣ ಮಂತ್ರಿ ಲಾರ್ಡ್ ಲಂಡನ್‌ಡೆರಿ ಸ್ವತಃ ಪ್ರೊಟೆಸ್ಟಂಟರು. ಆದರೂ ಎರಡೂ ಕಡೆಯ ಮಕ್ಕಳು ಒಟ್ಟಿಗೆ ಕಲಿಯಬೇಕೆಂಬ ಆಸೆಯಿಂದ 1923ರಲ್ಲಿ ಶಿಕ್ಷಣ ಕಾಯಿದೆಯೊಂದನ್ನು ತಂದರು. ಪ್ರೊಟೆಸ್ಟಂಟ್ ಸಭೆಗಳು ಬೈಬಲ್ ಬೋಧನೆಯಿಲ್ಲದ ಶಾಲೆ ನಮಗೆ ಬೇಡವೆಂದವು. ಕಥೋಲಿಕ ಧರ್ಮಾಧ್ಯಕ್ಷರು ನಮ್ಮ ಶಾಲೆಗಳನ್ನು ಸರ್ಕಾರಕ್ಕೆ ಒಪ್ಪಿಸೆವು ಎಂದರು. 1925 ಮತ್ತು 1930ರ ತಿದ್ದುಪಡಿಗಳಿಂದ ಸರ್ಕಾರಿ ಶಾಲೆಗಳು ಪ್ರೊಟೆಸ್ಟಂಟರ ಶಾಲೆಗಳಂತೆಯೇ ಆದವು. ಕಥೋಲಿಕರು ಹೊಟ್ಟೆ ಬಟ್ಟೆ ಕಟ್ಟಿ ತಮ್ಮ ಶಾಲೆಗಳನ್ನು ಉಳಿಸಿಕೊಂಡರು. ಎರಡನೆಯ ಬಾರಿಯೂ ಅವಕಾಶ ಕೈತಪ್ಪಿತು.

ಒಂದು ಅಕ್ಷರದಿಂದ ಗುರುತು

ಬೇರೆ ಶಾಲೆಗಳಲ್ಲಿ ಬೆಳೆದ ಮಕ್ಕಳು ಒಬ್ಬರನ್ನೊಬ್ಬರು ಹೇಗೆ ಗುರುತಿಸುತ್ತಿದ್ದರು? ಮೈಬಣ್ಣ ಒಂದೇ, ಭಾಷೆ ಒಂದೇ, ಉಡುಪೂ ಒಂದೇ. ಆದರೂ ಬೆಲ್‌ಫಾಸ್ಟಿನ ಮಕ್ಕಳು ಎದುರಿಗಿರುವವನು ಯಾವ ಕಡೆಯವನೆಂದು ಹೇಳುವ ವಿದ್ಯೆಯಲ್ಲಿ ನಿಪುಣರಾಗಿದ್ದರು. ಹೆಸರು ಕೇಳಿದರೆ ಸಾಕು, ಬೀದಿ ಕೇಳಿದರೆ ಸಾಕು, ಶಾಲೆಯ ಹೆಸರು ಕೇಳಿದರಂತೂ ಅನುಮಾನವೇ ಉಳಿಯದು. ಆಡುವ ಆಟವೂ ಬೇರೆ: ಕಥೋಲಿಕ ಶಾಲೆಗಳಲ್ಲಿ ಗೇಲಿಕ್ ಫುಟ್‌ಬಾಲ್ ಮತ್ತು ಹರ್ಲಿಂಗ್, ಪ್ರೊಟೆಸ್ಟಂಟ್ ಶಾಲೆಗಳಲ್ಲಿ ರಗ್ಬಿ ಮತ್ತು ಹಾಕಿ. ಇಂಗ್ಲಿಷಿನ ಎಂಟನೆಯ ಅಕ್ಷರವನ್ನು 'ಹೇಚ್' ಎಂದರೆ ಕಥೋಲಿಕ, 'ಏಚ್' ಎಂದರೆ ಪ್ರೊಟೆಸ್ಟಂಟ್. ಒಂದೇ ಊರನ್ನು ಒಬ್ಬರು ಡೆರಿ ಎಂದರೆ ಇನ್ನೊಬ್ಬರು ಲಂಡನ್‌ಡೆರಿ ಎನ್ನುತ್ತಿದ್ದರು. ನಗಬೇಡಿ, ಓದುಗರೇ. ನಮ್ಮಲ್ಲಿ ಹೆಸರಿನ ಕೊನೆಯ ಭಾಗ ಕೇಳಿ, ಊರಿನಲ್ಲಿ ಯಾವ ಕೇರಿ ಎಂದು ವಿಚಾರಿಸಿ, ಮಾತಿನ ಧಾಟಿ ಹಿಡಿದು ಮನುಷ್ಯನನ್ನು ಅಳೆಯುವ ವಿದ್ಯೆ ಇದಕ್ಕಿಂತ ಹಿಂದೆ ಬಿದ್ದಿಲ್ಲ.

ಇಂಥ ಗುರುತುಗಳು ಶಾಂತಿಯ ಕಾಲದಲ್ಲಿ ಗೇಲಿಗೆ ವಸ್ತುವಾಗುತ್ತವೆ, ಕಲಹದ ಕಾಲದಲ್ಲಿ ಮರಣಶಾಸನವಾಗುತ್ತವೆ. ವಸತಿ, ಉದ್ಯೋಗ, ಮತದಾನಗಳಲ್ಲಿ ಕಥೋಲಿಕರಿಗಾಗುತ್ತಿದ್ದ ಅನ್ಯಾಯದ ವಿರುದ್ಧ 1968ರಲ್ಲಿ ಚಳವಳಿ ಎದ್ದಿತು. 1969ರಲ್ಲಿ ಅದು ರಕ್ತಪಾತಕ್ಕೆ ತಿರುಗಿತು. ಮುಂದಿನ ಮೂವತ್ತು ವರ್ಷಗಳಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಬೆಲ್‌ಫಾಸ್ಟಿನಲ್ಲಿ ಬೀದಿಬೀದಿಗಳ ನಡುವೆ ಎತ್ತರದ ಗೋಡೆಗಳೆದ್ದವು. ಅವುಗಳಿಗೆ 'ಶಾಂತಿ ಗೋಡೆ' ಎಂಬ ಹೆಸರು! 1979ರ ಸೆಪ್ಟೆಂಬರ್ 29ರಂದು ಜಗದ್ಗುರು ಎರಡನೇ ಜಾನ್ ಪಾಲ್‌ರವರು ದ್ರೋಹೆಡಾದಲ್ಲಿ ಹಿಂಸೆಯ ಹಾದಿಯಲ್ಲಿರುವವರನ್ನು ಮೊಣಕಾಲೂರಿ ಬೇಡಿಕೊಳ್ಳುತ್ತೇನೆಂದರು. ಆ ಮೊರೆಯ ನಂತರವೂ ಹೆಣಗಳು ಬಿದ್ದವು.

ಆ ದಿನಗಳಲ್ಲಿ ಒಳ್ಳೆಯ ಮನಸ್ಸಿನವರು ಸುಮ್ಮನಿರಲಿಲ್ಲ. ಎರಡೂ ಕಡೆಯ ಮಕ್ಕಳನ್ನು ರಜೆಯಲ್ಲಿ ಬೇರೆ ಊರುಗಳಿಗೆ, ಅಮೆರಿಕಕ್ಕೂ ಕೂಡ ಕರೆದೊಯ್ದು ಕೆಲವು ವಾರ ಜೊತೆಯಲ್ಲಿಡುವ ಯೋಜನೆಗಳು ನಡೆದವು. ಮಕ್ಕಳು ಅಲ್ಲಿ ಒಟ್ಟಿಗೆ ಈಜಿದರು, ಒಟ್ಟಿಗೆ ಉಂಡರು. ಆದರೆ ಊರಿಗೆ ಮರಳಿದ ಮೇಲೆ ಆ ಗೆಳೆತನಗಳಲ್ಲಿ ಹೆಚ್ಚಿನವು ಬಾಳಲಿಲ್ಲ. ಗೋಡೆಯ ಆಚೆಗಿರುವ ಗೆಳೆಯನನ್ನು ನೋಡಲು ಹೋಗುವುದಾದರೂ ಹೇಗೆ? ಹೋದರೆ ಬೀದಿಯವರು ಏನೆಂದಾರು? ಇದನ್ನು ಓದಿದಾಗ ನಮ್ಮ ಸೌಹಾರ್ದ ದಿನ ನನಗೆ ನೆನಪಾಯಿತು. ಅವರದು ಮೂರು ವಾರದ ಛಾಯಾಚಿತ್ರ, ನಮ್ಮದು ಮೂರು ಗಂಟೆಯದು.

ಆಲ್‌ಪೋರ್ಟ್ ಹೇಳಿದ ನಾಲ್ಕು ಮಾತು

ಹೀಗೇಕೆ ಆಗುತ್ತದೆಂಬುದನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ವಿವರಿಸಿದ್ದರು. ಅದೇ ವರ್ಷ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಸರ್ಕಾರಿ ಶಾಲೆ ಇರುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತ್ತು. ಪೂರ್ವಗ್ರಹದ ಸ್ವರೂಪ ಕುರಿತ ತಮ್ಮ ಗ್ರಂಥದಲ್ಲಿ ಆಲ್‌ಪೋರ್ಟ್ ಹೇಳಿದ್ದು ಇಷ್ಟು: ಬೇರೆ ಬೇರೆ ಗುಂಪಿನವರು ಸೇರಿದ ಮಾತ್ರಕ್ಕೆ ಪೂರ್ವಗ್ರಹ ಕರಗದು. ಮೇಲುಮೇಲಿನ ಭೇಟಿ ಅದನ್ನು ಹೆಚ್ಚಿಸಲೂಬಹುದು. ಕರಗಬೇಕಾದರೆ ನಾಲ್ಕು ಅನುಕೂಲಗಳು ಬೇಕು. ಸೇರಿದವರು ಆ ಸ್ಥಳದಲ್ಲಿ ಸಮಾನ ಸ್ಥಾನದಲ್ಲಿರಬೇಕು. ಅವರ ಮುಂದೆ ಎಲ್ಲರಿಗೂ ಬೇಕಾದ ಒಂದು ಗುರಿಯಿರಬೇಕು. ಆ ಗುರಿಯನ್ನು ಪೈಪೋಟಿಯಿಂದಲ್ಲ, ಪರಸ್ಪರ ಸಹಕಾರದಿಂದ ಮುಟ್ಟುವಂತಿರಬೇಕು. ಕೊನೆಯದಾಗಿ, ಹಿರಿಯರು, ಕಾನೂನು, ಸಂಸ್ಥೆಗಳು ಆ ಬೆರೆಯುವಿಕೆಯನ್ನು ಮನಸಾರೆ ಬೆಂಬಲಿಸಬೇಕು.

ಮೊದಲ ಮಾತಿಗೆ ನಮ್ಮ ದೇಶದ ಇತಿಹಾಸವೇ ಸಾಕ್ಷಿ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆ ಒಬ್ಬ ಮಹಾರ್ ಹುಡುಗನಿಗೆ ಪ್ರವೇಶ ನಿರಾಕರಿಸಿತು. ಅವನು ಮುಂಬಯಿ ಸರ್ಕಾರಕ್ಕೆ ಅರ್ಜಿ ಸಲ್ಲಿಸಿದ. ನ್ಯಾಯ ಅವನ ಕಡೆಗಿದೆಯೆಂದು ಸರ್ಕಾರ ಒಪ್ಪಿಕೊಂಡಿತು. ಆದರೆ ಒಬ್ಬ ಹುಡುಗನಿಗಾಗಿ ಬಹುಕಾಲದ ಜಾತಿಭಾವನೆಗೆ ಕೈಹಾಕಲಾಗದೆಂದು ಅವನನ್ನು ಹಿಂದಕ್ಕೆ ಕಳುಹಿಸಿತು. ಕಾಲ ಕಳೆದಂತೆ ಬಾಗಿಲು ತೆರೆಯಿತು. ಆದರೆ ಬಾಗಿಲ ಒಳಗೆ ಏನಿತ್ತು? ಡಾ. ಅಂಬೇಡ್ಕರರು ಸಾತಾರದ ಶಾಲೆಯಲ್ಲಿ ಓದುವಾಗ ಗೋಣಿತಟ್ಟನ್ನು ಮನೆಯಿಂದಲೇ ತಂದು ಮೂಲೆಯಲ್ಲಿ ಹಾಸಿಕೊಂಡು ಕೂರಬೇಕಾಗಿತ್ತು. ಕೊಳಾಯಿ ಮುಟ್ಟುವಂತಿರಲಿಲ್ಲ, ನೀರು ಹಾಕಲು ಜವಾನ ಬರಬೇಕಾಗಿತ್ತು. ಒಂದೇ ಕೋಣೆ, ಒಬ್ಬರೇ ಉಪಾಧ್ಯಾಯರು, ಒಂದೇ ಪಾಠ. ಆದರೂ ಅದು ಸಂಪರ್ಕವಲ್ಲ. ಆ ಕೋಣೆಯಲ್ಲಿದ್ದ ಇತರ ಮಕ್ಕಳು ಆ ದಿನಗಳಲ್ಲಿ ಕಲಿತದ್ದು ಒಂದನ್ನೇ: ಈ ಹುಡುಗ ನಮ್ಮಂಥವನಲ್ಲ ಎಂಬುದನ್ನು.

ಆಲ್‌ಪೋರ್ಟರ ಈ ಮಾತನ್ನು ಓದಿದಾಗ ನನ್ನ ತಪ್ಪೊಂದು ನನಗೆ ಹೊಳೆಯಿತು. ಸೌಹಾರ್ದ ದಿನದಂದು ಅತಿಥಿಗಳಿಗೆ ಕುರ್ಚಿ ಹಾಕಲು, ನೀರು ಕೊಡಲು, ಕೊನೆಗೆ ಅಂಗಳ ಗುಡಿಸಲು ನಾನು ಕರೆದದ್ದು ವಿದ್ಯಾರ್ಥಿನಿಲಯದ ಮಕ್ಕಳನ್ನು. ಕೈಗೆ ಸುಲಭವಾಗಿ ಸಿಗುತ್ತಿದ್ದವರು ಅವರೇ ಎಂಬುದು ನನ್ನ ಸಮಾಧಾನ. ವೇದಿಕೆಯ ಮೇಲೆ ಸಮಾನತೆಯ ಹಾಡು, ವೇದಿಕೆಯ ಕೆಳಗೆ ಪೊರಕೆ ಯಾರ ಕೈಯಲ್ಲಿ? ಮಕ್ಕಳು ಹಾಡನ್ನು ಮರೆಯುತ್ತಾರೆ, ಪೊರಕೆಯನ್ನು ಮರೆಯುವುದಿಲ್ಲ.

ಆಲ್‌ಪೋರ್ಟ್ ಶ್ರದ್ಧಾವಂತ ಕ್ರೈಸ್ತರಾಗಿದ್ದರು. ಧರ್ಮದ ವಿಷಯದಲ್ಲಿ ಅವರು ಕಂಡ ಸತ್ಯ ನಮ್ಮನ್ನು ಎಚ್ಚರಿಸುವಂಥದ್ದು. ಧರ್ಮ ಪೂರ್ವಗ್ರಹವನ್ನು ಕಟ್ಟಬಲ್ಲದು, ಕೆಡವಲೂ ಬಲ್ಲದು ಎಂದು ಅವರು ಗುರುತಿಸಿದರು. ಧರ್ಮವನ್ನು ಸ್ಥಾನಮಾನಕ್ಕಾಗಿ, ಗುಂಪಿನ ಆಸರೆಗಾಗಿ ಬಳಸುವವರಲ್ಲಿ ಪೂರ್ವಗ್ರಹ ಹೆಚ್ಚು; ಅದನ್ನು ಒಳಗಿನಿಂದ ಬದುಕುವವರಲ್ಲಿ ಕಡಿಮೆ ಎಂಬುದನ್ನು 1967ರಲ್ಲಿ ಮೈಕಲ್ ರಾಸ್ ಜೊತೆಗೂಡಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು.

ಇಪ್ಪತ್ತೆಂಟು ಮಕ್ಕಳ ಶಾಲೆ

ಈಗ ಮತ್ತೆ ಬೆಲ್‌ಫಾಸ್ಟಿಗೆ ಬರೋಣ. 1970ರ ದಶಕದಲ್ಲಿ ಅಲ್ಲಿನ ಕೆಲವು ಕಥೋಲಿಕ ತಂದೆತಾಯಿಗಳು ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗಳಿಗೆ ಕಳುಹಿಸುತ್ತಿದ್ದರು. ಡೌನ್ ಮತ್ತು ಕಾನರ್ ಧರ್ಮಪ್ರಾಂತ್ಯದಲ್ಲಿ ಅಂಥ ಮಕ್ಕಳಿಗೆ ದೃಢೀಕರಣ ಸಂಸ್ಕಾರವನ್ನು ನಿರಾಕರಿಸಲಾಯಿತು. ಒಬ್ಬ ಗುರುವಾಗಿ ಈ ವಾಕ್ಯವನ್ನು ಬರೆಯುವಾಗ ನನ್ನ ಲೇಖನಿ ತಡೆಯುತ್ತದೆ. ಆದರೆ ನಡೆದದ್ದನ್ನು ಮರೆಮಾಚಿದರೆ ಅದು ಇತಿಹಾಸವಾಗದು. ಆ ತಂದೆತಾಯಿಗಳು ಧರ್ಮಸಭೆಯನ್ನು ತೊರೆಯಲಿಲ್ಲ. ತಮ್ಮ ಮಕ್ಕಳಿಗೆ ತಾವೇ ಧರ್ಮೋಪದೇಶ ಹೇಳಿಕೊಟ್ಟರು. ಪ್ರೊಟೆಸ್ಟಂಟ್ ಪೋಷಕರನ್ನೂ ಸೇರಿಸಿಕೊಂಡು 1974ರಲ್ಲಿ 'ಆಲ್ ಚಿಲ್ಡ್ರನ್ ಟುಗೆದರ್' ಎಂಬ ಸಂಘ ಕಟ್ಟಿದರು. ಮಕ್ಕಳೆಲ್ಲ ಒಟ್ಟಿಗೆ ಎಂಬುದೇ ಅದರ ಹೆಸರು, ಅದೇ ಅದರ ಬೇಡಿಕೆ.

ಅವರ ಒತ್ತಾಯದಿಂದ ಲಾರ್ಡ್ ಡನ್ಲೀತ್ 1978ರಲ್ಲಿ ಸಂಸತ್ತಿನಲ್ಲಿ ಒಂದು ಕಾಯಿದೆಯನ್ನು ಜಾರಿಗೆ ತರಿಸಿದರು. ಇರುವ ಯಾವುದೇ ಶಾಲೆ ಬಯಸಿದರೆ ಎರಡೂ ಸಮುದಾಯಗಳ ಸಮನ್ವಯ ಶಾಲೆಯಾಗಿ ಬದಲಾಗಬಹುದೆಂದು ಅದು ಹೇಳಿತು. ಒಂದೇ ಒಂದು ಶಾಲೆಯೂ ಮುಂದೆ ಬರಲಿಲ್ಲ. ಪೋಷಕರು ಕಾದು ಸಾಕಾಗಿ ತಾವೇ ಶಾಲೆ ತೆರೆಯಲು ನಿರ್ಧರಿಸಿದರು.

1981 ಇಂಥ ಸಾಹಸಕ್ಕೆ ತಕ್ಕ ವರ್ಷವೇ ಆಗಿರಲಿಲ್ಲ. ಮೇ 5ರಂದು ಬಾಬಿ ಸ್ಯಾಂಡ್ಸ್ ಎಂಬ ಕೈದಿ ಸೆರೆಮನೆಯಲ್ಲಿ ಉಪವಾಸದಿಂದ ಸತ್ತ. ಆಗಸ್ಟ್ ಮುಗಿಯುವಷ್ಟರಲ್ಲಿ ಹೀಗೆ ಹತ್ತು ಮಂದಿ ಪ್ರಾಣ ಬಿಟ್ಟರು. ಊರು ಹೊತ್ತಿ ಉರಿಯುತ್ತಿತ್ತು. ಆ ಸೆಪ್ಟೆಂಬರಿನಲ್ಲಿ ಬೆಲ್‌ಫಾಸ್ಟಿನ ದಕ್ಷಿಣಕ್ಕೆ, ಸ್ಕೌಟ್ ಕೇಂದ್ರವೊಂದರಲ್ಲಿ, ಲಗಾನ್ ಕಾಲೇಜ್ ಆರಂಭವಾಯಿತು. ಹೆಸರು ಕಾಲೇಜಾದರೂ ಅದು ಹನ್ನೊಂದು ವರ್ಷ ದಾಟಿದ ಮಕ್ಕಳ ಪ್ರೌಢಶಾಲೆ. ಮೊದಲ ದಿನ ಬಂದವರು 28 ಮಕ್ಕಳು. ಶೀಲಾ ಗ್ರೀನ್‌ಫೀಲ್ಡ್ ಮೊದಲ ಪ್ರಾಂಶುಪಾಲೆ. ಸರ್ಕಾರದಿಂದ ಒಂದು ಕಾಸೂ ಇರಲಿಲ್ಲ. ಪೋಷಕರ ದುಡ್ಡು, ದಾನಿಗಳ ನೆರವು, ಸಾಲ, ಇಷ್ಟೇ ಬಂಡವಾಳ. ತಮ್ಮವರೆಲ್ಲರೂ ಒಂದಾಗಿರಲೆಂದು ಯೇಸುಸ್ವಾಮಿ ಕಡೆಯ ಭೋಜನದ ರಾತ್ರಿ ಮಾಡಿದ ಪ್ರಾರ್ಥನೆಯಿಂದ ಶಾಲೆ ತನ್ನ ಧ್ಯೇಯವಾಕ್ಯವನ್ನು ಆರಿಸಿಕೊಂಡಿತು.

ಆಲ್‌ಪೋರ್ಟರ ನಾಲ್ಕು ಮಾತುಗಳನ್ನು ಇಲ್ಲಿಟ್ಟು ನೋಡಿ. ಮಕ್ಕಳ ಸಂಖ್ಯೆಯಲ್ಲೂ ಉಪಾಧ್ಯಾಯರ ನೇಮಕದಲ್ಲೂ ಎರಡೂ ಕಡೆಯವರ ಸಮತೋಲ ಇರಬೇಕೆಂಬುದು ಇಂಥ ಶಾಲೆಗಳ ನಿಯಮ; ಯಾರೂ ಇನ್ನೊಬ್ಬರ ಮನೆಗೆ ಬಂದ ನೆಂಟರಲ್ಲ. ಗುರಿ ಒಂದೇ: ಎಲ್ಲರೂ ದಾಟಬೇಕಾದ ಪರೀಕ್ಷೆ, ಎಲ್ಲರೂ ಉಳಿಸಿಕೊಳ್ಳಬೇಕಾದ ಶಾಲೆ. ಭೇಟಿ ಒಂದು ದಿನದ್ದಲ್ಲ, ಏಳು ವರ್ಷಗಳದ್ದು. ಜೊತೆಗೆ ಕಥೋಲಿಕ ಮಗು ಕಥೋಲಿಕವಾಗಿಯೇ, ಪ್ರೊಟೆಸ್ಟಂಟ್ ಮಗು ಪ್ರೊಟೆಸ್ಟಂಟಾಗಿಯೇ ಉಳಿಯುತ್ತದೆ. ತನ್ನ ವಿಶ್ವಾಸವನ್ನು ಬಚ್ಚಿಡಬೇಕಾಗಿಲ್ಲ. ನಾಲ್ಕನೆಯ ಅನುಕೂಲ, ಅಂದರೆ ಹಿರಿಯರ ಬೆಂಬಲ, ಮಾತ್ರ ಆರಂಭದಲ್ಲಿ ಇರಲಿಲ್ಲ. ಅದನ್ನು ಪೋಷಕರೇ ದುಡಿದು ಸಂಪಾದಿಸಬೇಕಾಯಿತು. 1984ರಲ್ಲಿ ಸರ್ಕಾರದ ಅನುದಾನ ಬಂತು. 1985ರಲ್ಲಿ ಬೆಲ್‌ಫಾಸ್ಟಿನಲ್ಲಿ ಇನ್ನೂ ಮೂರು ಶಾಲೆಗಳು ತೆರೆದವು. 1989ರ ಶಿಕ್ಷಣ ಸುಧಾರಣಾ ಆದೇಶ ಸಮನ್ವಯ ಶಿಕ್ಷಣವನ್ನು ಪ್ರೋತ್ಸಾಹಿಸುವುದು ಸರ್ಕಾರದ ಕರ್ತವ್ಯವೆಂದು ಸಾರಿತು. 1998ರ ಏಪ್ರಿಲ್ 10ರಂದು, ಶುಭ ಶುಕ್ರವಾರದಂದು, ಆದ ಶಾಂತಿ ಒಪ್ಪಂದದಲ್ಲಿಯೂ ಈ ಶಾಲೆಗಳ ಪ್ರಸ್ತಾಪ ಬಂತು. 28 ಮಕ್ಕಳ ಆ ಶಾಲೆಯಲ್ಲಿ ಇಂದು ಸಾವಿರಕ್ಕೂ ಹೆಚ್ಚು ಮಕ್ಕಳು ಓದುತ್ತಿದ್ದಾರೆ.

ಗೆಲುವಿನ ಮಿತಿ

ಇಲ್ಲಿಗೆ ಕಥೆ ಮುಗಿಸಿ ಮಂಗಳ ಹಾಡಬಹುದಿತ್ತು. ಆದರೆ ಇತಿಹಾಸ ಅಷ್ಟು ಸುಲಭವಾಗಿ ಮಂಗಳ ಹಾಡಗೊಡುವುದಿಲ್ಲ. ಶಾಂತಿ ಒಪ್ಪಂದವಾಗಿ ಮೂರು ವರ್ಷಗಳ ನಂತರ, 2001ರಲ್ಲಿ, ಬೆಲ್‌ಫಾಸ್ಟಿನ ಆರ್ಡೋಯ್ನ್ ಬಡಾವಣೆಯ ಹೋಲಿ ಕ್ರಾಸ್ ಬಾಲಕಿಯರ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದ ಪುಟ್ಟ ಹುಡುಗಿಯರ ಮೇಲೆ ದಾರಿಯ ಎರಡೂ ಬದಿಯಲ್ಲಿ ನಿಂತ ಜನ ಬೈಗುಳ ಸುರಿಸಿದರು, ಕಲ್ಲು ತೂರಿದರು. ಸೆಪ್ಟೆಂಬರ್ 5ರಂದು ಸ್ಫೋಟಕವನ್ನೂ ಎಸೆದರು. ಪೊಲೀಸರ ಸಾಲಿನ ನಡುವೆ ತಾಯಂದಿರ ಕೈಹಿಡಿದು ಆ ಮಕ್ಕಳು ಶಾಲೆಗೆ ನಡೆದರು. ಸಹಿ ಬೀಳುವುದು ಕಾಗದದ ಮೇಲೆ, ಭಯ ಕೂತಿರುವುದು ಬೀದಿಯಲ್ಲಿ.

ಇಂದಿಗೂ ಉತ್ತರ ಐರ್ಲೆಂಡಿನಲ್ಲಿ ಸಮನ್ವಯ ಶಾಲೆಗಳಲ್ಲಿ ಓದುವವರು ಒಟ್ಟು ಮಕ್ಕಳಲ್ಲಿ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಉಳಿದವರಲ್ಲಿ ಹೆಚ್ಚಿನವರು ಈಗಲೂ ತಮ್ಮ ತಮ್ಮ ಶಾಲೆಗಳಲ್ಲೇ ಇದ್ದಾರೆ. ಹಾಗಾಗಿ ಇನ್ನೊಂದು ದಾರಿಯನ್ನೂ ಕಂಡುಕೊಳ್ಳಲಾಯಿತು. ಶಾಲೆಗಳು ಬೇರೆಯಾಗಿಯೇ ಉಳಿದು, ನೆರೆಯ ಕಥೋಲಿಕ ಮತ್ತು ಪ್ರೊಟೆಸ್ಟಂಟ್ ಶಾಲೆಗಳು ಕೆಲವು ಪಾಠಗಳನ್ನು ಹಂಚಿಕೊಂಡು ನಡೆಸುವುದು. ಮಕ್ಕಳು ವರ್ಷವಿಡೀ ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗಿ ಬರುವುದು. 2016ರಲ್ಲಿ ಇದಕ್ಕೂ ಒಂದು ಕಾಯಿದೆಯಾಯಿತು. ಸಮನ್ವಯ ಶಿಕ್ಷಣಕ್ಕೆ 2022ರಲ್ಲಿ ಹೊಸ ಕಾಯಿದೆ ಬಂತು. ಧರ್ಮಸಭೆಯ ಶಾಲೆಗಳನ್ನು ಮುಚ್ಚದೆಯೂ ಬಾಗಿಲು ತೆರೆಯಬಹುದೆಂಬುದಕ್ಕೆ ಹಂಚಿಕೆಯ ಪಾಠಗಳು ಒಂದು ನಿದರ್ಶನ.

ಸಂಪರ್ಕದಿಂದ ನಿಜಕ್ಕೂ ಪ್ರಯೋಜನವಾಗುತ್ತದೆಯೇ ಎಂದು ಕೇಳುವವರಿಗೆ ಈಗ ಸಾಕಷ್ಟು ಪುರಾವೆಯಿದೆ. ಆಲ್‌ಪೋರ್ಟರ ಶಿಷ್ಯ ಥಾಮಸ್ ಪೆಟ್ಟಿಗ್ರೂ ಮತ್ತು ಲಿಂಡಾ ಟ್ರಾಪ್ 2006ರಲ್ಲಿ 515 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಬಹುಪಾಲು ಅಧ್ಯಯನಗಳಲ್ಲಿ ಸಂಪರ್ಕ ಹೆಚ್ಚಿದಷ್ಟೂ ಪೂರ್ವಗ್ರಹ ಕಡಿಮೆಯಿತ್ತು. ಆದರೆ ಎಂಥ ಸಂಪರ್ಕ ಎಂಬುದು ಮುಖ್ಯ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮ್ಯಾಟ್ ಲೋವ್ ಎಂಬ ಅರ್ಥಶಾಸ್ತ್ರಜ್ಞರು ತರುಣರಿಗಾಗಿ ಕ್ರಿಕೆಟ್ ಪಂದ್ಯಾವಳಿ ನಡೆಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇರೆ ಜಾತಿಯವರೊಡನೆ ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು. ಬೇರೆ ಜಾತಿಯವರನ್ನು ಎದುರಾಳಿಗಳಾಗಿ ಎದುರಿಸಿದವರಲ್ಲಿ ಅದು ಹಾಗಾಗಲಿಲ್ಲ, ತಗ್ಗಿದ್ದೂ ಉಂಟು. ಒಂದೇ ಮೈದಾನ, ಒಂದೇ ಚೆಂಡು; ವ್ಯತ್ಯಾಸ ಯಾರ ಪರವಾಗಿ ಓಡಿದೆವು ಎಂಬುದರಲ್ಲಿ.

ದೆಹಲಿಯಲ್ಲಿ ಸರ್ಕಾರದ ಜಮೀನು ಪಡೆದ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಶೇಕಡಾ 20ರಷ್ಟು ಸ್ಥಾನ ಕೊಡಬೇಕೆಂಬ ನಿಯಮ 2007ರಲ್ಲಿ ಜಾರಿಗೆ ಬಂತು. ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞರು ಅದರ ಪರಿಣಾಮವನ್ನು ಅಳೆದು 2019ರಲ್ಲಿ ಪ್ರಕಟಿಸಿದರು. ಬಡ ಸಹಪಾಠಿಗಳೊಡನೆ ಬೆಳೆದ ಸಿರಿವಂತರ ಮಕ್ಕಳು ಹೆಚ್ಚು ಉದಾರಿಗಳಾಗಿದ್ದರು. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸುವಾಗ ಬಡವರೆಂಬ ಕಾರಣಕ್ಕೆ ಅವರನ್ನು ಕೈಬಿಡುವುದು ಕಡಿಮೆಯಾಗಿತ್ತು. 'ನಮ್ಮ ಮಕ್ಕಳ ಓದು ಕೆಡುವುದಿಲ್ಲವೇ?' ಎಂಬ ಪೋಷಕರ ಆತಂಕಕ್ಕೂ ಉತ್ತರ ಅಲ್ಲಿದೆ. ಇಂಗ್ಲಿಷಿನ ಅಂಕಗಳು ಅಲ್ಪಸ್ವಲ್ಪ ಇಳಿದದ್ದು ಬಿಟ್ಟರೆ ಒಟ್ಟಾರೆ ಓದಿಗೆ ಹೇಳಿಕೊಳ್ಳುವಂಥ ಹಾನಿಯಾಗಿರಲಿಲ್ಲ.

ಇರಾಕಿನಲ್ಲಿ ಐಸಿಸ್ ಉಗ್ರರಿಂದ ಮನೆಮಠ ಕಳೆದುಕೊಂಡಿದ್ದ ಕ್ರೈಸ್ತ ತರುಣರ ಫುಟ್‌ಬಾಲ್ ತಂಡಗಳಿಗೆ ಸಲ್ಮಾ ಮೂಸಾ ಎಂಬ ವಿದ್ವಾಂಸರು ಮುಸಲ್ಮಾನ ಆಟಗಾರರನ್ನು ಸೇರಿಸಿ ನೋಡಿದರು. ತಿಂಗಳುಗಳ ನಂತರವೂ ಆ ಕ್ರೈಸ್ತ ತರುಣರು ಮುಸಲ್ಮಾನರೊಡನೆ ಆಟದ ಅಭ್ಯಾಸಕ್ಕೆ ಸೇರುತ್ತಿದ್ದರು. ಆದರೆ ಮೈದಾನದ ಹೊರಗೆ, ಅಪರಿಚಿತ ಮುಸಲ್ಮಾನರ ವಿಷಯದಲ್ಲಿ, ಅವರ ನಡತೆ ಅಷ್ಟಾಗಿ ಬದಲಾಗಲಿಲ್ಲ. 2020ರಲ್ಲಿ ಪ್ರಕಟವಾದ ಈ ಅಧ್ಯಯನ ನಮಗೆ ವಿನಯ ಕಲಿಸುತ್ತದೆ. ಗಾಯ ಆಳವಾಗಿರುವಲ್ಲಿ ಒಂದು ಋತುವಿನ ಆಟ ಒಂದು ಬಾಗಿಲನ್ನಷ್ಟೇ ತೆರೆಯುತ್ತದೆ. ಮನೆಯೊಳಗೆ ಕರೆಯುವ ಕೆಲಸ ಉಳಿದೇ ಇರುತ್ತದೆ.

ನಮ್ಮ ಅಂಗಳಕ್ಕೆ

ಶಾಲೆ ನಡೆಸುವುದು ನಮ್ಮ ಧರ್ಮಸಭೆಯ ಹೆಮ್ಮೆ. ಬೇಲಿಯ ಮರೆಯಲ್ಲಿ ಪಾಠ ಹೇಳಿದ ಐರಿಷ್ ಉಪಾಧ್ಯಾಯರ ತ್ಯಾಗವನ್ನು ನಾನು ಹಗುರವಾಗಿ ಕಾಣಲಾರೆ. ಅಲ್ಪಸಂಖ್ಯಾತರಿಗೆ ತಮ್ಮದೇ ಶಾಲೆ ಆಸರೆಯೂ ಹೌದು, ಹಕ್ಕೂ ಹೌದು. ನಮ್ಮ ದೇಶದಲ್ಲಿ ಕ್ರೈಸ್ತ ಶಾಲೆಗಳ ಅದೃಷ್ಟವೆಂದರೆ ಅವುಗಳ ಬಾಗಿಲಿಗೆ ಎಲ್ಲ ಮತದ ಮಕ್ಕಳೂ ತಾವಾಗಿಯೇ ಬರುತ್ತಾರೆ. ಬೆಲ್‌ಫಾಸ್ಟಿನ ಪೋಷಕರು ಸಾಲ ಮಾಡಿ ಸೇರಿಸಿದ್ದನ್ನು ನಾವು ಬೇಡದೆಯೇ ಪಡೆದಿದ್ದೇವೆ. ಪಡೆದದ್ದನ್ನು ಏನು ಮಾಡುತ್ತಿದ್ದೇವೆ ಎಂಬುದೇ ಪ್ರಶ್ನೆ. ಶುಲ್ಕದ ಎತ್ತರದಿಂದ ಬಡವರನ್ನು ಹೊರಗಿಡುತ್ತಿದ್ದೇವೆಯೇ? ಒಳಗೆ ಬಂದವರನ್ನು ಅಂಕಗಳ ಲೆಕ್ಕದಲ್ಲಿ ಬೇರೆ ಬೇರೆ ವಿಭಾಗಗಳಿಗೆ ಹಾಕಿ ಮತ್ತೆ ಹೋಳು ಮಾಡುತ್ತಿದ್ದೇವೆಯೇ? ನಮ್ಮ ಮನೆಗಳಲ್ಲಿ ಮಗನ ಹುಟ್ಟುಹಬ್ಬಕ್ಕೆ ಯಾರನ್ನು ಕರೆಯುತ್ತೇವೆ, ಯಾರ ಹೆಸರು ಬಂದಾಗ 'ಅವರೇಕೆ?' ಎನ್ನುತ್ತೇವೆ?

ಸಮಾರಿಯದ ಬಾವಿಯ ಬಳಿ ಯೇಸುಸ್ವಾಮಿ ಏನು ಮಾಡಿದರೆಂಬುದನ್ನು ನೆನೆಯೋಣ. ಯೆಹೂದ್ಯರೂ ಸಮಾರಿಯರೂ ಒಬ್ಬರ ಪಾತ್ರೆಯನ್ನು ಒಬ್ಬರು ಬಳಸದ ಕಾಲ ಅದು. ಅವರು ಆ ಹೆಂಗಸಿಗೆ ಸೌಹಾರ್ದದ ಉಪನ್ಯಾಸ ಮಾಡಲಿಲ್ಲ. ಕುಡಿಯಲು ನೀರು ಕೇಳಿದರು. ಕೊಡುವವರಾಗಿ ಎತ್ತರದಲ್ಲಿ ನಿಲ್ಲದೆ ಬೇಡುವವರಾಗಿ ಕೆಳಗೆ ಕುಳಿತರು. ಆಲ್‌ಪೋರ್ಟ್ ಸಮಾನ ಸ್ಥಾನವೆಂದು ಕರೆದದ್ದನ್ನು ನಮ್ಮ ಪ್ರಭು ಒಂದು ಬಿಂದಿಗೆಯ ಮುಂದೆ ಮಾಡಿ ತೋರಿಸಿದರು.

ಆ ಪಟ್ಟಣದ ಶಾಲೆಯಲ್ಲಿ ಮರುವರ್ಷ ಸೌಹಾರ್ದ ದಿನವನ್ನು ಕೈಬಿಟ್ಟೆವು. ಬದಲಿಗೆ ಹಿತ್ತಲಿನ ಪಾಳು ಜಾಗವನ್ನು ಪಾತಿಗಳಾಗಿ ಹಂಚಿ, ಒಂದೊಂದು ಪಾತಿಗೂ ನಾಲ್ಕೂ ವೃತ್ತಗಳ ಮಕ್ಕಳನ್ನು ಸೇರಿಸಿ ತರಕಾರಿ ಬೆಳೆಸಿದೆವು. ಗುದ್ದಲಿ, ನೀರಿನ ಕೊಡ, ಪೊರಕೆ ಎಲ್ಲವೂ ಸರದಿಯ ಮೇಲೆ. ಮಣ್ಣಿನ ಕೆಲಸ ಗೊತ್ತಿದ್ದ ವಿದ್ಯಾರ್ಥಿನಿಲಯದ ಮಕ್ಕಳು ಅಲ್ಲಿ ತಾವಾಗಿಯೇ ಗುರುಗಳಾದರು. ಅಂಗಡಿಯವರ ಮನೆಯ ಹುಡುಗನೊಬ್ಬ ಬೀನ್ಸ್ ಬಳ್ಳಿಗೆ ಕೋಲು ನೆಡುವುದನ್ನು ಕೇಳಲು ಕೊಳಾಯಿಯ ಬಳಿಗೆ ಹೋಗಿ ಕುಳಿತದ್ದನ್ನು ಒಂದು ಮಧ್ಯಾಹ್ನ ನಾನು ಕಂಡೆ. ವರ್ಷದ ಕೊನೆಗೆ ನಾಲ್ಕು ವೃತ್ತಗಳಲ್ಲಿ ಎರಡು ಕೂಡಿಕೊಂಡಿದ್ದವು. ಉಳಿದೆರಡು ಹಾಗೆಯೇ ಇದ್ದವು. ಅಷ್ಟರಲ್ಲಿ ನನಗೆ ವರ್ಗವಾಯಿತು. ಹೊರಡುವ ದಿನ ಆ ಜವಾನರು ಚೀಲ ತುಂಬ ಬೀನ್ಸ್ ತಂದು ಕೊಟ್ಟು, "ಇನ್ನೆರಡು ವರ್ಷ ಇದ್ದಿದ್ದರೆ ಆಗ್ತಿತ್ತೇನೋ, ಸ್ವಾಮಿಗಳೇ" ಅಂದರು.

ಲಗಾನ್ ಕಾಲೇಜಿನ ತಂದೆತಾಯಿಗಳು ವರ್ಗವಾಗಿ ಹೋಗುವವರಾಗಿರಲಿಲ್ಲ; ಅದೇ ಊರಿನಲ್ಲಿ ಬಾಳಬೇಕಾದವರು. ಅವರಿಂದ ಆ ಕೆಲಸ ಸಾಧ್ಯವಾದದ್ದು ಅದಕ್ಕಾಗಿಯೇ ಇರಬೇಕು. ಗುರುಗಳು ಬರುತ್ತಾರೆ, ಹೋಗುತ್ತಾರೆ. ಊರಿನಲ್ಲಿ ಉಳಿಯುವವರು ನೀವು, ನಿಮ್ಮ ಮಕ್ಕಳು. ಈ ವಾರ ನಿಮ್ಮ ಮಗುವನ್ನು ಒಮ್ಮೆ ಕೇಳಿ ನೋಡಿ: ಶಾಲೆಯಲ್ಲಿ ಊಟಕ್ಕೆ ಯಾರ ಪಕ್ಕ ಕೂರುತ್ತೀಯಪ್ಪಾ?